ಸೆಂಟರ್ ಸ್ಪೀಕರೋ, ಮೂರನೇ ಬುಕ್‌ಶೆಲ್ಫೋ: ಮಲೆನಾಡಿನ ನಡುಮನೆಗೊಂದು ಲೆಕ್ಕ

5.1 ಧ್ವನಿಯಲ್ಲಿ (ಎಡ, ನಡು, ಬಲ, ಸುತ್ತ ಎರಡು, ಜೊತೆಗೆ ಕೆಳಸ್ವರಕ್ಕೊಂದು ಸಬ್‌ವೂಫರ್) ಸಿನಿಮಾದ ಮಾತು ಬಹುಪಾಲು ನಡುವಿನ ಚಾನೆಲ್‌ನಲ್ಲೇ ಇರುತ್ತದೆ. ಆ ಜಾಗಕ್ಕೆ ಎರಡು ಆಯ್ಕೆ: ಎರಡು ವೂಫರ್ (ಕೆಳ, ನಡು ಸ್ವರ ನುಡಿಸುವ ದೊಡ್ಡ ಕೋನ್) ನಡುವೆ ಟ್ವೀಟರ್ (ಮೇಲಿನ ಸ್ವರ ನುಡಿಸುವ ಪುಟ್ಟದು) ಇರುವ ಅಡ್ಡ ಪೆಟ್ಟಿಗೆ, ಇಲ್ಲವೇ ಎಡಬಲಕ್ಕೆ ಇಟ್ಟ ಬುಕ್‌ಶೆಲ್ಫ್, ಅಂದರೆ ನೆಟ್ಟಗೆ ನಿಲ್ಲುವ ಸಣ್ಣ ಪೆಟ್ಟಿಗೆ ಸ್ಪೀಕರ್ ಮಾದರಿಯದ್ದೇ ಇನ್ನೊಂದು. ಅಂಗಡಿಯಲ್ಲಿ ಮೊದಲನೆಯದನ್ನೇ ತೋರಿಸುತ್ತಾರೆ, ಟಿವಿ ಕೆಳಗೆ ಅಂದವಾಗಿ ಕೂರುತ್ತದೆ ಎಂಬ ಕಾರಣಕ್ಕೆ. ಕೊಳ್ಳುವ ಮೊದಲು ಮನೆಯವರು ಎಷ್ಟು ಅಗಲಕ್ಕೆ ಹರಡಿ ಕೂರುತ್ತಾರೆ ಎಂದು ಟೇಪು ಹಿಡಿದು ಅಳೆಯಿರಿ. ಮುಕ್ಕಾಲು ಉತ್ತರ ಅಲ್ಲೇ ಸಿಗುತ್ತದೆ.

ನಡುವಿನ ಸ್ಪೀಕರ್ ಬೇಕೇ ಬೇಕೆ?

ಒಬ್ಬರೇ ನಟ್ಟನಡುವೆ ಕೂತು ಕೇಳುವುದಾದರೆ ಬೇಕಿಲ್ಲ. ರಿಸೀವರ್‌ನಲ್ಲಿ (ಎಲ್ಲ ಸ್ಪೀಕರ್‌ಗಳಿಗೆ ಸದ್ದು ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆ) ಸೆಂಟರ್ 'ಇಲ್ಲ' ಎಂದು ಕೊಟ್ಟರೆ ಅದು ಮಾತನ್ನು ಎಡಬಲಕ್ಕೆ ಸಮನಾಗಿ ಹಂಚುತ್ತದೆ, ಧ್ವನಿ ನಡುವಿನಿಂದಲೇ ಬಂದಂತೆ ಕೇಳುತ್ತದೆ. ಒಂದಡಿ ಪಕ್ಕಕ್ಕೆ ಸರಿದು ನೋಡಿ, ಮಾತು ಹತ್ತಿರದ ಸ್ಪೀಕರ್‌ಗೆ ಓಡಿಹೋಗುತ್ತದೆ. ಮೊದಲು ತಲುಪಿದ ಸದ್ದಿನ ಕಡೆಗೇ ಕಿವಿ ವಾಲುವುದರಿಂದ ಹೀಗಾಗುತ್ತದೆ. ನಡುವಿನ ಚಾನೆಲ್‌ನ ಯೋಚನೆ ಹೊಸದೇನಲ್ಲ. ಬೆಲ್ ಲ್ಯಾಬ್ಸ್‌ನವರು 1933ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದ ವಾದ್ಯವೃಂದವನ್ನು ವಾಷಿಂಗ್ಟನ್‌ನ ಸಭಾಂಗಣಕ್ಕೆ ಕೇಳಿಸಿದ್ದು ಮೂರು ಚಾನೆಲ್‌ಗಳಲ್ಲಿ.

ನಮ್ಮ ಕಡೆ ಇನ್ನೊಂದು ಕಾರಣವಿದೆ: ಮಳೆ. ಆಷಾಢದಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಆ ಸದ್ದಿನಲ್ಲಿ ಎಲ್ಲ ತರಂಗಾಂತರಗಳೂ ಇರುತ್ತವೆ. ಮೊದಲು ಮುಳುಗುವುದು ಸ, ಶ, ತ, ಕ ಥರದ ವ್ಯಂಜನಗಳು. ಇಡೀ ವಾಲ್ಯೂಮ್ ಏರಿಸಿದರೆ ಹಿನ್ನೆಲೆ ಸಂಗೀತವೂ ಮೈಮೇಲೆ ಬರುತ್ತದೆ. ನಡುವಿನ ಚಾನೆಲ್ ಬೇರೆಯಾಗಿದ್ದರೆ ಅದೊಂದನ್ನೇ 2–3 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಏರಿಸಬಹುದು. ಅದಕ್ಕಿಂತ ಹೆಚ್ಚು ಬೇಡ. 3 ಡಿಬಿಗೆ ಆಂಪ್ಲಿಫೈಯರ್‌ನಿಂದ ಎರಡು ಪಟ್ಟು, 10 ಡಿಬಿಗೆ ಹತ್ತು ಪಟ್ಟು ಶಕ್ತಿ ಬೇಕು. ಸಣ್ಣ ರಿಸೀವರ್ ಅಷ್ಟರಲ್ಲಿ ಕ್ಲಿಪ್ ಆಗಿ (ಶಕ್ತಿ ಸಾಲದೆ ಸದ್ದು ಒಡೆದು), ಮೊದಲು ಸುಡುವುದು ಟ್ವೀಟರ್.

ಅಡ್ಡ ಪೆಟ್ಟಿಗೆಯ ಕಷ್ಟ

ಈ ಭಾಗವನ್ನು ನಿಧಾನವಾಗಿ ಓದಿ, ವ್ಯತ್ಯಾಸದ ಬೇರು ಇಲ್ಲಿದೆ. ಮಾಮೂಲಿ ಅಡ್ಡ ಸೆಂಟರ್‌ನಲ್ಲಿ ಎರಡೂ ವೂಫರ್‌ಗಳು ಒಂದೇ ಸದ್ದನ್ನು ಸುಮಾರು 2,000–2,500 ಹರ್ಟ್ಜ್‌ವರೆಗೆ ನುಡಿಸುತ್ತವೆ. ನೇರ ಎದುರು ಕೂತವರಿಗೆ ಎರಡೂ ಒಟ್ಟಿಗೆ ತಲುಪುತ್ತವೆ, ತೊಂದರೆ ಇಲ್ಲ. ಪಕ್ಕದಲ್ಲಿ ಕೂತವರಿಗೆ ಒಂದು ವೂಫರ್ ಹತ್ತಿರ, ಇನ್ನೊಂದು ದೂರ. ಈ ದೂರದ ಅಂತರ ಯಾವ ಸದ್ದಿನ ಅರ್ಧ ತರಂಗಕ್ಕೆ ಸಮನೋ ಆ ಸದ್ದನ್ನು ಎರಡೂ ಸೇರಿ ಅಳಿಸಿಹಾಕುತ್ತವೆ.

ಲೆಕ್ಕ ಹೀಗೆ. ಟಿವಿಯಿಂದ ಆಸನಕ್ಕೆ 2.5 ಮೀಟರ್, ಗೋಡೆಗುಂಟದ ಬೆಂಚಿನ ತುದಿಯಲ್ಲಿ ಕೂತವರು ನಡುವಿನಿಂದ 1.2 ಮೀಟರ್ ಪಕ್ಕಕ್ಕೆ. ಕೋನ ಸುಮಾರು 25.6 ಡಿಗ್ರಿ, ಅದರ ಸೈನ್ 0.43. ವೂಫರ್‌ಗಳ ನಡು ಬಿಂದುಗಳ ಅಂತರ 30 ಸೆಂಮೀ ಇದ್ದರೆ ದೂರದ ವ್ಯತ್ಯಾಸ 30 × 0.43, ಅಂದರೆ 13 ಸೆಂಮೀ. ಈಗ 17,150ನ್ನು ಆ 13ರಿಂದ ಭಾಗಿಸಿ: ಸುಮಾರು 1,320 ಹರ್ಟ್ಜ್. (ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಸೆಂಟಿಮೀಟರ್‌ಗೆ ತಂದು ಅರ್ಧ ಮಾಡಿದರೆ 17,150.) ಮಾತು ಸ್ಪಷ್ಟವಾಗುವ ಜಾಗದಲ್ಲೇ ಹಳ್ಳ ಬಿತ್ತು. ಅದೇ ವ್ಯಕ್ತಿ 15 ಡಿಗ್ರಿಯೊಳಗೆ ಕೂತರೆ ಹಳ್ಳ 2,200 ಹರ್ಟ್ಜ್‌ಗೆ ಸರಿಯುತ್ತದೆ. ಅಷ್ಟರಲ್ಲಿ ಟ್ವೀಟರ್ ಕೆಲಸ ಶುರುಮಾಡಿರುವುದರಿಂದ ತೊಂದರೆ ಕಡಿಮೆ. ಕೋಣೆಯ ಗೋಡೆಗಳಿಂದ ಮರಳುವ ಸದ್ದು ಹಳ್ಳವನ್ನು ಸ್ವಲ್ಪ ತುಂಬುತ್ತದೆ, ಪೂರ್ತಿ ತುಂಬುವುದಿಲ್ಲ.

ಶಿವಮೊಗ್ಗದ ಹೊಸ ಬಡಾವಣೆಯ ಮನೆಯಲ್ಲಿ ಮೂರು ಜನರ ಒಂದು ಸೋಫಾ, ಎಲ್ಲರೂ ಟಿವಿಗೆ ಎದುರು: ಅಡ್ಡ ಸೆಂಟರ್ ನಡೆಯುತ್ತದೆ. ತೀರ್ಥಹಳ್ಳಿ, ಹೊಸನಗರ ಕಡೆಯ ಹಂಚಿನ ಮನೆಯ ನಡುಮನೆಯಲ್ಲಿ ಬೆಂಚು, ಆರಾಮ ಕುರ್ಚಿ, ನೆಲದ ಮೇಲೆ ಚಾಪೆ, ಬಾಗಿಲ ಹತ್ತಿರ ಇನ್ನಿಬ್ಬರು: 30 ಡಿಗ್ರಿ ದಾಟುವವರೇ ಅರ್ಧ. ಅಲ್ಲಿ ನೆಟ್ಟಗೆ ನಿಲ್ಲಿಸಿದ ಬುಕ್‌ಶೆಲ್ಫ್‌ಗೇ ನನ್ನ ಮತ. ಅದರ ವೂಫರ್, ಟ್ವೀಟರ್ ಒಂದರ ಮೇಲೊಂದು ಇರುವುದರಿಂದ ಎಡಬಲಕ್ಕೆ ಎಷ್ಟು ಸರಿದರೂ ಎರಡರ ದೂರದ ಸಂಬಂಧ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಅದರ ದೋಷ ಬರುವುದು ಮೇಲೆ ಕೆಳಗೆ. ಟಿವಿ ನೋಡುತ್ತ ಯಾರೂ ಏಳುವುದು ಕೂರುವುದು ಮಾಡುತ್ತಿರುವುದಿಲ್ಲ.

ಎತ್ತರ ಸಾಲದೆಂದು ಬುಕ್‌ಶೆಲ್ಫನ್ನು ಅಡ್ಡ ಮಲಗಿಸುವವರಿದ್ದಾರೆ. ಮಲಗಿಸಿದ ಕ್ಷಣ ಮೇಲೆ ಕೆಳಗಿನ ದೋಷ ಎಡಬಲಕ್ಕೆ ಬರುತ್ತದೆ, ಅದೂ ಒಂದು ಪಕ್ಕಕ್ಕೊಂದು ಥರ. ಟ್ವೀಟರ್ ವೂಫರ್‌ನ ನಡುವಿನಲ್ಲೇ ಇರುವ ಕೊಆಕ್ಸಿಯಲ್ ಮಾದರಿಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಕೆಇಎಫ್ 1988ರಲ್ಲಿ ತಂದ ಯೂನಿ-ಕ್ಯೂ ಅಂಥದ್ದು.

ಹಾಗಂತ ಅಡ್ಡ ಪೆಟ್ಟಿಗೆಗಳೆಲ್ಲ ಒಂದೇ ಅಲ್ಲ. ಟ್ವೀಟರ್ ಕೆಳಗೆ ಪುಟ್ಟ ಮಿಡ್‌ರೇಂಜ್ ಇರುವ ತ್ರೀ-ವೇ ಸೆಂಟರ್‌ನಲ್ಲಿ ಎರಡು ವೂಫರ್‌ಗಳು ಕೆಲವು ನೂರು ಹರ್ಟ್ಜ್‌ಗೇ ನಿಂತುಬಿಡುತ್ತವೆ. ಮಾತಿನ ಮುಖ್ಯ ಭಾಗವೆಲ್ಲ ಮಿಡ್‌ರೇಂಜಿನದು, ಹಳ್ಳ ಬೀಳುವುದಿಲ್ಲ. ಬೆಲೆ ಜಾಸ್ತಿ. ದುಡ್ಡು ಇದೆ, ಟಿವಿ ಕೆಳಗೆ 20 ಸೆಂಮೀ ಜಾಗ ಮಾತ್ರ ಇದೆ ಅಂದರೆ ಇದೇ ಸರಿ. ಗುರುತಿಸಲು ಮುಂದಿನ ಬಟ್ಟೆ ತೆಗೆದು ಒಳಗಿನ ಸದ್ದು ಮಾಡುವ ಘಟಕಗಳನ್ನು ಎಣಿಸಿ: ಎರಡು ವೂಫರ್, ಒಂದು ಟ್ವೀಟರ್ ಮಾತ್ರ ಕಂಡರೆ ಮೇಲಿನ ಲೆಕ್ಕ ಹಾಕಿ, ನಾಲ್ಕನೆಯದು ಕಂಡರೆ ವಿವರಪಟ್ಟಿಯಲ್ಲಿ ಕ್ರಾಸ್‌ಓವರ್ (ಒಂದು ಘಟಕ ಬಿಟ್ಟು ಇನ್ನೊಂದು ಸದ್ದು ಹಿಡಿಯುವ ಹರ್ಟ್ಜ್) ಅಂಕಿ ಎರಡು ಇದೆಯೇ ನೋಡಿ.

ಕೂರಿಸುವ ಬಗೆ

ಮೂರೂ ಟ್ವೀಟರ್ ಆದಷ್ಟು ಒಂದೇ ಎತ್ತರದಲ್ಲಿರಲಿ, ಕಿವಿಯ ಮಟ್ಟಕ್ಕೆ. ಸೋಫಾದಲ್ಲಿ ಕಿವಿ ನೆಲದಿಂದ 95 ಸೆಂಮೀ ಆಸುಪಾಸು, ಚಾಪೆಯ ಮೇಲೆ ಇನ್ನೂ ತಗ್ಗು. ಬುಕ್‌ಶೆಲ್ಫ್ ಸಾಮಾನ್ಯವಾಗಿ 30–38 ಸೆಂಮೀ ಎತ್ತರ, ಹಾಗಾಗಿ ಗೋಡೆಯ ಟಿವಿಯನ್ನು ಸ್ವಲ್ಪ ಏರಿಸಬೇಕಾಗುತ್ತದೆ. ಅದಾಗದಿದ್ದರೆ ಸ್ಪೀಕರನ್ನು ಟಿವಿ ಮೇಲೆ ಗಟ್ಟಿ ಹಲಗೆಯಲ್ಲಿ ತಲೆಕೆಳಗಾಗಿ ಇಟ್ಟು ಮುಂದಕ್ಕೆ ಬಾಗಿಸಿ. ಟ್ವೀಟರ್ ಪರದೆಗೆ ಹತ್ತಿರ ಬರುತ್ತದೆ.

ಕೆಳಗೆ ಇಟ್ಟರೆ ಓರೆ ಕೊಡಿ. ಟ್ವೀಟರ್ 45 ಸೆಂಮೀ ಎತ್ತರದಲ್ಲಿ, ಕಿವಿ 95ರಲ್ಲಿ, ದೂರ 250: ಏರು ಐದಕ್ಕೊಂದು. ಪೆಟ್ಟಿಗೆಯ ಆಳ 20 ಸೆಂಮೀ ಇದ್ದರೆ ಮುಂಭಾಗದ ಕೆಳಗೆ 4 ಸೆಂಮೀ ಮರದ ಬೆಣೆ, ಮೇಲೆ ತೆಳು ರಬ್ಬರ್. ಪೆಟ್ಟಿಗೆಯ ಮುಖ ಹಲಗೆಯ ಅಂಚಿಗೆ ಬರಲಿ. ಒಳಗೆ ತಳ್ಳಿದರೆ ಹಲಗೆಯಿಂದ ಪುಟಿದ ಸದ್ದು ಮಾತಿಗೆ ಬೆರೆತು ಡಬ್ಬದೊಳಗಿಂದ ಬಂದಂತಾಗುತ್ತದೆ. ಗೋಡೆಯ ಗೂಡಿನಲ್ಲಿ ಹಿಂಬದಿ ಪೋರ್ಟ್ (ಗಾಳಿ ಆಡುವ ತೂತು) ಇರುವ ಬುಕ್‌ಶೆಲ್ಫ್ ಇಡಲೇಬೇಕಾದರೆ ಪೋರ್ಟ್‌ಗೆ ಸ್ಪಂಜು ತುರುಕಿ, ಕೆಳಸ್ವರ ಸಬ್‌ವೂಫರ್‌ಗೆ ಬಿಡಿ.

ರಿಸೀವರ್‌ನಲ್ಲಿ ಮೂರನ್ನೂ 'ಸ್ಮಾಲ್', 80 ಹರ್ಟ್ಜ್ ಎಂದು ಕೊಡಿ, ಅದಕ್ಕಿಂತ ಕೆಳಗಿನದು ಸಬ್‌ವೂಫರ್‌ಗೆ ಹೋಗುತ್ತದೆ. 4 ಇಂಚಿನ ವೂಫರ್ ಇರುವ ಸಣ್ಣ ಸೆಂಟರ್‌ಗೆ 100–120 ಬೇಕಾಗಬಹುದು. ಆಗ ಸಬ್‌ವೂಫರ್ ಮೂಲೆಯಲ್ಲಿದ್ದರೆ ಗಂಡಸರ ದನಿಯ ಗುಡುಗು ಮೂಲೆಯಿಂದ ಬರತೊಡಗುತ್ತದೆ, ಅದನ್ನು ಟಿವಿ ಹತ್ತಿರ ತನ್ನಿ. ಮೂರೂ ಒಂದೇ ಮಾದರಿಯಾದರೆ ಪರದೆಯ ಎಡದಿಂದ ಬಲಕ್ಕೆ ನಡೆದವನ ದನಿ ನಡುವೆ ಬಣ್ಣ ಬದಲಿಸುವುದಿಲ್ಲ. ಬುಕ್‌ಶೆಲ್ಫ್‌ಗಳನ್ನು ಸಾಮಾನ್ಯವಾಗಿ ಜೋಡಿಯಾಗಿಯೇ ಮಾರುವುದರಿಂದ ನಾಲ್ಕನೆಯದೊಂದು ಮಿಕ್ಕುತ್ತದೆ. ಆ ಖರ್ಚು ಸೇರಿಸಿಯೇ ತ್ರೀ-ವೇ ಸೆಂಟರ್‌ನ ಬೆಲೆಗೆ ಹೋಲಿಸಿ. ತಂತಿ 1.5 ಚದರ ಮಿಮೀ ತಾಮ್ರ, 10 ಮೀಟರ್‌ವರೆಗೆ ಸಾಕು.

ಪರೀಕ್ಷೆಗೆ ಸ್ಫೋಟದ ದೃಶ್ಯ ಹಾಕಬೇಡಿ, ಅದರಲ್ಲಿ ಯಾವ ಸ್ಪೀಕರೂ ಚೆನ್ನಾಗಿಯೇ ಕೇಳುತ್ತದೆ. ತಾಳಮದ್ದಳೆಯ ಧ್ವನಿಮುದ್ರಣವೊಂದನ್ನು ಮೋನೋ ಮಾಡಿ ಸೆಂಟರ್‌ನಲ್ಲಿ ಮಾತ್ರ ನುಡಿಸಿ. ಅರ್ಥಧಾರಿಯ ವೇಗದ ಮಾತು ಕೇಳುತ್ತ ನಡುವಿನಿಂದ ಬೆಂಚಿನ ತುದಿಗೆ ಸರಿಯಿರಿ. ದನಿ ಟೊಳ್ಳಾದರೆ ಆ ಹಳ್ಳ ಅಲ್ಲಿದೆ. ಎಲ್ಲ ಕಡೆಯೂ ಒಂದೇ ರೀತಿ ಮಂಕಾಗಿದ್ದರೆ ತಪ್ಪು ಎತ್ತರದ್ದೋ ಓರೆಯದ್ದೋ. ಎಡ, ಬಲದ ಜೊತೆ ಸೇರಿಸಿದಾಗ ಮಾತ್ರ ತೆಳುವಾದರೆ ಕೆಂಪು ಕಪ್ಪು ತಂತಿ ಅದಲುಬದಲಾಗಿದೆ.

ಮಳೆಗಾಲದ ಮಾತು

ತೇವಕ್ಕೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪೆಟ್ಟಿಗೆಯ ಅಂಚು ಉಬ್ಬುತ್ತದೆ. ಕೆಮ್ಮಣ್ಣಿನ ಗೋಡೆಗೆ ತಾಗಿಸಬೇಡಿ, ಕನಿಷ್ಠ 10 ಸೆಂಮೀ ಬಿಡಿ. ವೂಫರ್‌ನ ಕೋನ್ ಸುತ್ತಿನ ಅಂಚು ಫೋಮ್‌ಗಿಂತ ರಬ್ಬರ್ ಇದ್ದರೆ ಬಾಳಿಕೆ ಹೆಚ್ಚು. ಬರಿಯ ತಾಮ್ರದ ತುದಿ ಹಸಿರುಗಟ್ಟುತ್ತದೆ. ಬನಾನಾ ಪ್ಲಗ್ ಹಾಕಿ, ಇಲ್ಲವೇ ತುದಿ ಕತ್ತರಿಸಿ ಹೊಸದಾಗಿ ಬಿಗಿಯಿರಿ. ಬಳಸದೆ ಬಿಟ್ಟ ಸ್ಪೀಕರ್‌ನ ಪೋರ್ಟ್‌ನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತದೆ, ಬೇಸ್ ಇದ್ದಕ್ಕಿದ್ದಂತೆ ಬಡವಾದರೆ ಟಾರ್ಚ್ ಬಿಟ್ಟು ನೋಡಿ. ಗುಡುಗು ಸಿಡಿಲಿನ ಹೊತ್ತಿಗೆ ರಿಸೀವರ್‌ನ ಕರೆಂಟ್ ಪ್ಲಗ್ ಕಿತ್ತರೆ ಸಾಲದು. ಮಾಡಿನ ಮೇಲಿನ ಡಿಶ್ ತಂತಿ ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ರಿಸೀವರ್‌ಗೆ ದಾರಿ ಮಾಡಿಕೊಟ್ಟಿರುತ್ತದೆ, ಅದನ್ನೂ ಬಿಚ್ಚಿಡಿ.