‘ಕಂನಡ’ ಕಂಡರೆ ತಿದ್ದಬೇಡಿ

ಹಳೆಯ ಪತ್ರಿಕೆಗಳ ಪುಟಗಳನ್ನು ಕಂಪ್ಯೂಟರಿಗೆ ಏರಿಸುವುದು, ಟೈಪ್ ಆದದ್ದನ್ನು ಮೂಲದ ಜೊತೆ ಇಟ್ಟು ನೋಡುವುದು ನನ್ನ ಕೆಲಸ. ಹೊಸಬರು ಸೇರಿದ ವಾರದೊಳಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ‘ಇಲ್ಲಿ ಕನ್ನಡ ಅನ್ನೋದನ್ನ ಕಂನಡ ಅಂತ ತಪ್ಪಾಗಿ ಹಾಕಿದ್ದಾರೆ, ಸರಿ ಮಾಡಿಬಿಡಲಾ?’

ಬೇಡ. ಅದು ತಪ್ಪಲ್ಲ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದು 1843ರ ಜುಲೈ 1ರಂದು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಹೆಸರು ‘ಮಂಗಳೂರ’, ‘ಮಂಗಳೂರು’ ಅಲ್ಲ. ಇದನ್ನೂ ಸುಮ್ನೆ ತಿದ್ದುವವರಿದ್ದಾರೆ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಯಿತು, ಹೆಸರೂ ಬದಲಾಯಿತು: ‘ಕಂನಡ ಸಮಾಚಾರ’. ನಮ್ಮ ನುಡಿಯ ಹೆಸರು ಪತ್ರಿಕೆಯೊಂದರ ನೆತ್ತಿಯ ಮೇಲೆ ಕೂತಾಗ ಸೊನ್ನೆ ಹಾಕಿಕೊಂಡೇ ಕೂತಿತ್ತು. ಅದನ್ನು ಅಳಿಸುವ ಹಕ್ಕು ನಮಗೆಲ್ಲಿದೆ?

ಈಗ ‘ಬಂದ’ ಅಂತ ಬರೆಯಿರಿ, ಜೋರಾಗಿ ಓದಿ. ಬಾಯಲ್ಲಿ ಬರುವುದು ‘ಬನ್ದ’. ಸೊನ್ನೆಗೆ ತನ್ನದೇ ಒಂದು ಸದ್ದಿಲ್ಲ, ಮುಂದಿನ ಅಕ್ಷರ ಹೇಳಿದ ಹಾಗೆ ಕೇಳುತ್ತದೆ. ದ ಬಂದರೆ ನ್, ಬ ಬಂದರೆ ಮ್. ಹಾಗಿದ್ದ ಮೇಲೆ ಮುಂದೆ ನ ಬಂದರೂ ಅದು ನ್ ತಾನೇ? ‘ಕಂನಡ’ವನ್ನು ಓದಿದರೆ ಬರುವುದು ‘ಕನ್ನಡ’ವೇ. ‘ಅಂಮ’ ಅಂದರೆ ಅಮ್ಮ, ‘ಹಂಣು’ ಅಂದರೆ ಹಣ್ಣು. ಹಿಂದಿನವರು ಒಂದೇ ನಿಯಮವನ್ನು ಎಲ್ಲ ಕಡೆ ನಡೆಸಿದರು. ನಾವು ಅದನ್ನು ‘ಬಂದ’, ‘ಅಂಬಲಿ’ಯಲ್ಲಿ ಉಳಿಸಿಕೊಂಡು ‘ಅಂಮ’ನಲ್ಲಿ ಬಿಟ್ಟೆವು. ಲೆಕ್ಕ ಹಾಕಿದರೆ ಅವರ ಬರವಣಿಗೆಯೇ ಜಾಸ್ತಿ ಹೊಂದಿಕೆಯದು, ಅಲ್ವಾ?

ಇದು ಪತ್ರಿಕೆಯವರು ಹುಟ್ಟಿಸಿದ ರೂಢಿಯೂ ಅಲ್ಲ. ಶಾಸನಗಳಲ್ಲಿ ‘ಚೆಂನ’ ಇದೆ, ಓಲೆಗರಿಗಳಲ್ಲಿ ‘ಬಸವಂಣ’ ಇದೆ. ಓಲೆಗರಿಯನ್ನು ಕೈಯಲ್ಲಿ ಹಿಡಿದು ನೋಡಿ. ಸಾಲುಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡಿರುತ್ತವೆ. ಒತ್ತಕ್ಷರ ಕೆಳಗೆ ಇಳಿದರೆ ಮುಂದಿನ ಸಾಲಿನ ತಲೆಗೆ ತಾಗುತ್ತದೆ. ಸೊನ್ನೆಯಾದರೆ ಸಾಲಿನಲ್ಲೇ ಕೂರುತ್ತದೆ. ಬರೆಯುವ ಕೈಗೆ ಅದು ಹಗುರ ಅನಿಸಿರಬೇಕು ಅಂತ ನನ್ನ ಎಣಿಕೆ. ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪತ್ರಿಕೆ. ಕಲ್ಲಚ್ಚು ಅಂದರೆ ಜಿಡ್ಡಿನ ಶಾಯಿಯ ಬರಹವನ್ನು ಕಲ್ಲಿಗೆ ಇಳಿಸಿ ಒತ್ತುವುದು. ಹಾಗಾಗಿ ಬರೆದವನ ಕೈಯ ರೂಢಿ ಇದ್ದ ಹಾಗೇ ಪತ್ರಿಕೆಗೆ ಬರುತ್ತದೆ. ‘ಯೆಲ್ಲಾ’, ‘ವೊಂದು’, ‘ಮಾಡುವದು’ ಇಂಥವೂ ಆ ಕಾಲದ ಬರಹದಲ್ಲಿ ಸಿಗುತ್ತವೆ.

ನನಗೆ ಇದು ಯಾಕೆ ಇಷ್ಟು ಮುಖ್ಯ ಅಂದರೆ, ಒಮ್ಮೆ ಒಬ್ಬ ಹುಡುಗ ತುಂಬಾ ಶ್ರದ್ಧೆಯಿಂದ ಒಂದು ಕಟ್ಟು ಪುಟಗಳನ್ನು ಹೀಗೆ ‘ಸರಿ’ ಮಾಡಿಟ್ಟಿದ್ದ. ಮೂಲದಲ್ಲಿ ಎಲ್ಲಿ ‘ಕಂನಡ’ ಇತ್ತು, ಎಲ್ಲಿ ‘ಕನ್ನಡ’ ಇತ್ತು ಅನ್ನುವುದು ಟೈಪ್ ಆದ ಪಾಠದಲ್ಲಿ ಉಳಿದಿರಲಿಲ್ಲ. ಸೊನ್ನೆ ಹೋಗಿ ಒತ್ತು ಹೇಗೆ ಬಂತು ಅಂತ ತಿಳಿಯಬೇಕಾದರೆ ಇಂಥ ಪುಟಗಳೇ ಆಧಾರ. ಪುಟ ಪುಟವನ್ನೂ ಮತ್ತೆ ಮೂಲಕ್ಕೆ ಹೋಲಿಸಿ ನೋಡಿದೆವು.

ಇನ್ನೊಂದು ಕಡೆ, ಇದ್ದ ಹಾಗೇ ಇಟ್ಟರೆ ಹುಡುಕುವವರಿಗೆ ಸಿಗುವುದಿಲ್ಲ. ಕಂಪ್ಯೂಟರಿಗೆ ‘ಕಂನಡ’ ಅಂದರೆ ಕ, ಸೊನ್ನೆ, ನ, ಡ, ಒಟ್ಟು 4 ಸಂಕೇತ. ‘ಕನ್ನಡ’ದಲ್ಲಿ ನಡುವೆ ಒಂದು ವಿರಾಮದ ಗುರುತೂ (ಅಕ್ಷರದ ಸ್ವರ ತೆಗೆದು ಒತ್ತು ಮೂಡಿಸುವ ‘್’) ಸೇರಿ 5. ಕಿವಿಗೆ ಒಂದೇ ಆದರೂ ಅದಕ್ಕೆ ಬೇರೆ ಬೇರೆ ಪದ. ಅದಕ್ಕೇ ನಾವು ಎರಡು ಪದರ ಇಡುತ್ತೇವೆ. ಕಣ್ಣಿಗೆ ಕಾಣುವುದು ಮೂಲದ ಬರಹ, ಹುಡುಕಾಟಕ್ಕೆ ಸಿಗುವುದು ಹಿಂದೆ ಅಡಗಿಸಿಟ್ಟ ಇಂದಿನ ರೂಪ. ಸೊನ್ನೆಯ ಮುಂದೆ ನ, ಮ, ಣ ಬಂದರೆ ಅದನ್ನು ಒತ್ತು ಮಾಡು ಅಂತ ಒಂದು ನಿಯಮ ಬರೆದರೆ ಹೆಚ್ಚಿನವು ದಾರಿಗೆ ಬರುತ್ತವೆ. ‘ಸಂನ್ಯಾಸಿ’ ಮಾತ್ರ ತೊಡಕು. ನಿಯಮ ಅದನ್ನು ‘ಸನ್ನ್ಯಾಸಿ’ ಮಾಡುತ್ತದೆ, ಜನ ಹುಡುಕುವುದು ‘ಸನ್ಯಾಸಿ’ ಅಂತ. ಇಂಥವನ್ನು ಕೈಯಾರೆ ಸೇರಿಸಬೇಕು.

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಪತ್ರಗಳ ಕಟ್ಟು ಇದ್ದರೆ ಬಿಚ್ಚಿ ನೋಡಿ. ‘ಅಂಣ’, ‘ತಂಮ’ ಅಂತ ಕಂಡರೆ, ನಕಲು ಮಾಡುವಾಗ ಆ ಸೊನ್ನೆಯನ್ನು ಬಿಡಬೇಡಿ.