ಸೇಂಟ್ ಲೂಸಿಯಾ: ಕಾಗದದಲ್ಲಿ ಇಂಗ್ಲಿಷ್, ಬಾಯಲ್ಲಿ ಕ್ವೆಯೋಲ್

ಕೆರಿಬಿಯನ್ ಸಮುದ್ರದ 616 ಚದರ ಕಿಲೋಮೀಟರಿನ ದ್ವೀಪ ಸೇಂಟ್ ಲೂಸಿಯಾದ ಸರ್ಕಾರಿ ಭಾಷೆ ಇಂಗ್ಲಿಷ್. ಆದರೆ ಹಳ್ಳಿಗಳಲ್ಲಿ ಮಳೆ ಬಂದರೆ ‘ಲಾಪ್ಲಿ ಕಾ ತೋಂಬೆ’ ಅನ್ನುತ್ತಾರೆ. ಇದು ಕ್ವೆಯೋಲ್. ಪಟ್ವಾ ಅಂತಲೂ ಕರೆಯುತ್ತಾರೆ. ಪದಗಳು ಬಹುಪಾಲು ಫ್ರೆಂಚಿನವು, ವ್ಯಾಕರಣ ಬೇರೆಯೇ. ನಾನು, ನೀನು, ಅವರು ಅಂತ ಕ್ರಿಯಾಪದದ ಬಾಲ ಬದಲಿಸುವ ಗೋಜಿಲ್ಲ. ಮುಂದೆ ‘ಕಾ’ ಹಾಕಿದರೆ ಕೆಲಸ ನಡೀತಾ ಇದೆ ಎಂದರ್ಥ. ‘ಮ್ವೆಂ ಕಾ ಮಾಂಜೆ’ ಅಂದರೆ ತಿನ್ನುತ್ತಿದ್ದೇನೆ. ‘ಕಾ’ ತೆಗೆದು ‘ತೆ’ ಹಾಕಿ, ‘ತಿಂದಿದ್ದೆ’ ಆಗುತ್ತದೆ.

ಬ್ರಿಟಿಷರು, ಫ್ರೆಂಚರು ಈ ದ್ವೀಪಕ್ಕಾಗಿ ಕಿತ್ತಾಡಿದ್ದು ಅಷ್ಟಿಷ್ಟಲ್ಲ. ಅದು 14 ಸಲ ಕೈ ಬದಲಾಯಿಸಿತು ಅನ್ನೋದು ಅಲ್ಲಿ ಎಲ್ಲರ ಬಾಯಲ್ಲೂ ಬರುವ ಲೆಕ್ಕ. 1814ರ ಪ್ಯಾರಿಸ್ ಒಪ್ಪಂದದಲ್ಲಿ ಕೊನೆಗೂ ಬ್ರಿಟನ್ ಪಾಲಾಯಿತು. ಅಷ್ಟರಲ್ಲಿ ಫ್ರೆಂಚ್ ತೋಟಗಳಲ್ಲಿ, ಆಫ್ರಿಕಾದಿಂದ ಹೊತ್ತುತಂದ ಗುಲಾಮರ ನಡುವೆ ಕ್ವೆಯೋಲ್ ಬೇರುಬಿಟ್ಟಿತ್ತು. ಬಾವುಟ ಬದಲಾದ ಮಾತ್ರಕ್ಕೆ ತೋಟದ ಮಾತು ಬದಲಾಗುತ್ತದಾ? 1859ರಿಂದ ಭಾರತದ ಕೂಲಿಗಳೂ ಬಂದರು. ಅವರ ಮಕ್ಕಳು ಮೊಮ್ಮಕ್ಕಳ ಬಾಯಿಗೂ ಹತ್ತಿದ್ದು ಕ್ವೆಯೋಲೇ.

ಪೆಟ್ಟು ಬಿದ್ದದ್ದು ಶಾಲೆಯಿಂದ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಪಟ್ವಾ ಆಡಿದ ಮಕ್ಕಳಿಗೆ ಶಿಕ್ಷೆ. ಅದು ಓದುಬರಹ ಇಲ್ಲದವರ ಭಾಷೆ ಎಂಬ ನಾಚಿಕೆ ಮನೆಗಳಿಗೂ ಹೊಕ್ಕಿತು. 1979ರಲ್ಲಿ ಸ್ವಾತಂತ್ರ್ಯ ಬಂತು, ಸಂವಿಧಾನವೂ ಬಂತು. ಸಂಸತ್ತಿಗೆ ಹೋಗಬೇಕಾದರೆ ಇಂಗ್ಲಿಷ್ ಬರಲೇಬೇಕು ಅಂತ ಅದರಲ್ಲೂ ಬರೆದಿಟ್ಟರು. ಮತ ಕೇಳೋದು ಮಾತ್ರ ಕ್ವೆಯೋಲಿನಲ್ಲಿ!

ಅಭಿಮಾನ ಮರಳಿದ್ದು ನಿಧಾನವಾಗಿ. 1973ರಲ್ಲಿ ಜಾನಪದ ಸಂಶೋಧನಾ ಕೇಂದ್ರ ಶುರುವಾಯಿತು. 1980ರ ದಶಕದಲ್ಲಿ ಒಪ್ಪಿತ ಕಾಗುಣಿತ ಸಿಕ್ಕಿತು. ಅದಕ್ಕಾಗಿ ದುಡಿದವರಲ್ಲಿ ಒಬ್ಬರಾದ ಪರ್ಲೆಟ್ ಲೂಯಿಸಿ 1997ರಲ್ಲಿ ಗವರ್ನರ್ ಜನರಲ್ ಆದರು. ಈಗ ಅಕ್ಟೋಬರ್ ಕೊನೆಯಲ್ಲಿ ‘ಜೂನೆ ಕ್ವೆಯೋಲ್’ ಹಬ್ಬ ಜೋರಾಗಿ ನಡೆಯುತ್ತದೆ. ಎಲ್ಲರೂ ಮದ್ರಾಸ್ ಚೌಕುಳಿ ಬಟ್ಟೆ ತೊಡುತ್ತಾರೆ. ಹೌದು, ನಮ್ಮ ಪಕ್ಕದ ಮದ್ರಾಸಿನ ಹೆಸರೇ.

ಹಬ್ಬ ಚೆನ್ನಾಗಿದೆ. ಆದರೆ ಮಕ್ಕಳ ಜೊತೆ ಮನೆಯಲ್ಲಿ ಇಂಗ್ಲಿಷ್ ಆಡುವ ಅಪ್ಪ ಅಮ್ಮಂದಿರೇ ಜಾಸ್ತಿಯಾಗುತ್ತಿದ್ದರೆ ಒಂದು ದಿನದ ಸಂಭ್ರಮದಿಂದ ಭಾಷೆ ಉಳಿಯುತ್ತದೆ ಅಂತ ನನಗನ್ನಿಸೋದಿಲ್ಲ. ತಮಾಷೆ ಅಂದರೆ, ಆ ಇಂಗ್ಲಿಷಿನ ಒಳಗೂ ಕ್ವೆಯೋಲ್ ಕೂತಿದೆ. ಸೆಖೆಯಾದರೆ ಅಲ್ಲಿನವರು ‘ಇಟ್ ಮೇಕಿಂಗ್ ಹಾಟ್’ ಅನ್ನುತ್ತಾರೆ. ಅದು ‘ಈ ಕಾ ಫೆ ಶೋ’ದ ನೇರ ಅಚ್ಚು. ಪಟ್ವಾ ಬರೋದೇ ಇಲ್ಲ ಅನ್ನುವ ಹುಡುಗರೂ ಹೀಗೇ ಮಾತಾಡುತ್ತಾರೆ.