ಹುಳು ಒಂದೇ, ಸಾಕುವ ಮನೆ ಎರಡು: ರೇಷ್ಮೆಯಲ್ಲಿ ಕೆಲಸ ಹಂಚಿಹೋದ ಬಗೆ

ಹಳೇ ಮೈಸೂರಿನ ರೇಷ್ಮೆ ಬೆಳೆಗಾರ ಒಂದು ಕಾಲಕ್ಕೆ ಎಲ್ಲವನ್ನೂ ಮನೆಯಲ್ಲೇ ಮಾಡುತ್ತಿದ್ದ. ಕಳೆದ ಬೆಳೆಯ ಗೂಡಿನಲ್ಲಿ ಒಂದಷ್ಟು ಎತ್ತಿಟ್ಟು, ಚಿಟ್ಟೆ ಬಿಡಿಸಿ, ಮೊಟ್ಟೆ ಇಡಿಸಿ, ಅದನ್ನೇ ಮುಂದಿನ ಬೆಳೆಗೆ ಬಳಸುತ್ತಿದ್ದ.

ಮನೆಯಿಂದ ಮೊದಲು ಹೊರಬಿದ್ದದ್ದು ಮೊಟ್ಟೆಯ ಕೆಲಸ. ಕಾರಣ ಗಂಟುರೋಗ (ಪೆಬ್ರಿನ್) ಎಂಬ ಹುಳುವಿನ ಕಾಯಿಲೆ. ಅದು ತಾಯಿ ಚಿಟ್ಟೆಯಿಂದ ಮೊಟ್ಟೆಗೇ ಇಳಿಯುತ್ತದೆ. ಹುಳು ಕಾಯಿಲೆ ಬಿದ್ದ ಮೇಲೆ ಮಾಡುವುದೇನೂ ಉಳಿದಿರುವುದಿಲ್ಲ. ಫ್ರಾನ್ಸಿನಲ್ಲಿ 1865ರಿಂದ ಈ ರೋಗದ ಬೆನ್ನುಹತ್ತಿದ ಲೂಯಿ ಪಾಶ್ಚರ್ ಕಂಡುಕೊಂಡ ದಾರಿ ಸರಳ: ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗಾಣು ಕಂಡರೆ ಅದರ ಮೊಟ್ಟೆಯನ್ನೆಲ್ಲ ಸುಡುವುದು. ಇದು ಹಟ್ಟಿಯಲ್ಲಿ ಆಗುವ ಕೆಲಸವಲ್ಲ. ಮೊಟ್ಟೆ ತಯಾರಿಕೆ ಹೀಗೆ ಬಿತ್ತನೆ ಕೋಠಿಗಳ, ಅಂದರೆ ಮೊಟ್ಟೆ ತಯಾರಿಸಿ ಕೊಡುವ ಕೇಂದ್ರಗಳ ಪಾಲಾಯಿತು, ಮೊಟ್ಟೆಗೆಂದೇ ಬೆಳೆಯುವ ಮೈಸೂರು ತಳಿಯ ಬಿತ್ತನೆ ಗೂಡು ಮಾಗಡಿ, ಕುಣಿಗಲ್ ಕಡೆಯ ರೈತರ ಪಾಲಾಯಿತು. 1959ರ ರಾಜ್ಯ ಕಾಯ್ದೆ ಮೊಟ್ಟೆ, ಗೂಡು, ನೂಲು ಮೂರನ್ನೂ ನಿಯಂತ್ರಣಕ್ಕೆ ತಂದಿತು.

ಆಮೇಲಿನದು ಚಾಕಿ, ಅಂದರೆ ಎರಡನೇ ಜ್ವರದವರೆಗಿನ ಎಳೆಹುಳುವಿನ ಸಾಕಣೆ. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಎನ್ನುತ್ತಾರೆ. ಇಡೀ ಬೆಳೆ ತಿನ್ನುವ ಸೊಪ್ಪಿನಲ್ಲಿ ಇದರ ಪಾಲು ತೀರ ಸಣ್ಣದು. ನಾಲ್ಕನೇ ಜ್ವರದ ನಂತರದ ಐದನೇ ಹಂತವೊಂದೇ ನೂರಕ್ಕೆ 80ಕ್ಕೂ ಹೆಚ್ಚು ನುಂಗುತ್ತದೆ. ಆದರೆ ಎಳೆಹುಳುವಿಗೆ 27–28 ಡಿಗ್ರಿ ಶಾಖ, ಶೇ. 85–90 ತೇವಾಂಶ ಬೇಕು. ಬಲಿತ ಹುಳುವಿಗೆ 24–25 ಡಿಗ್ರಿ, ಶೇ. 70ರ ಆಸುಪಾಸು ಸಾಕು, ಜೊತೆಗೆ ಚೆನ್ನಾಗಿ ಗಾಳಿಯಾಡಬೇಕು. ಒಂದೇ ಹುಳು ಮನೆಯಲ್ಲಿ ಎರಡನ್ನೂ ಹೊಂದಿಸಲು ಹೋದವರಿಗೆ ಎರಡೂ ಕೈಕೊಡುತ್ತವೆ. ಎಳೆಹುಳು ಸಾಕಿ ಬೆಳೆಗಾರರಿಗೆ ಮಾರುವ ಚಾಕಿ ಕೇಂದ್ರದವರು ಎಳೆಸೊಪ್ಪಿಗೆಂದೇ ಬೇರೆ ತೋಟ ಇಟ್ಟಿರುತ್ತಾರೆ. ಮೊಟ್ಟೆಯಲ್ಲಿ ಕಪ್ಪು ಚುಕ್ಕಿ ಕಂಡೊಡನೆ ಕತ್ತಲಲ್ಲಿಟ್ಟು, ಮರಿಯಾಗುವ ದಿನ ಬೆಳಿಗ್ಗೆ ಬೆಳಕಿಗೆ ತೆರೆಯುತ್ತಾರೆ. ಎಲ್ಲ ಒಟ್ಟಿಗೆ ಒಡೆಯದಿದ್ದರೆ ಒಂದು ಹುಳು ಜ್ವರಕ್ಕೆ ಕೂತಾಗ ಪಕ್ಕದ್ದು ಸೊಪ್ಪು ಕೇಳುತ್ತಿರುತ್ತದೆ, ಕೊನೆಗೆ ಗೂಡೂ ಹಿಂದುಮುಂದು.

‘ಚಾಕಿ ನಾನೇ ಚೆನ್ನಾಗಿ ಮಾಡುತ್ತೇನೆ, ಕೊಳ್ಳುವುದೇಕೆ?’ ಎನ್ನುವ ಪಳಗಿದ ಬೆಳೆಗಾರರಿದ್ದಾರೆ. ಮಾತು ನಿಜವೇ ಇರಬಹುದು, ಆದರೂ ಲೆಕ್ಕ ತಪ್ಪು. 1817ರಲ್ಲಿ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಇಂಗ್ಲೆಂಡಿನ ಬಟ್ಟೆ, ಪೋರ್ಚುಗಲ್ಲಿನ ದ್ರಾಕ್ಷಾರಸ ಇಟ್ಟುಕೊಂಡು ತೋರಿಸಿದ್ದು ಇದನ್ನೇ. ಅವನ ಲೆಕ್ಕದಲ್ಲಿ ಪೋರ್ಚುಗಲ್ ಎರಡರಲ್ಲೂ ಮುಂದಿತ್ತು. ಆದರೂ ಬಟ್ಟೆ ಕೊಳ್ಳುವುದೇ ಅದಕ್ಕೆ ಲಾಭವಾಗಿತ್ತು.

ಒಂದು ಊಹೆಯ ಲೆಕ್ಕ ನೋಡಿ. ನೂರು ಮೊಟ್ಟೆಯ (ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆಗಳ) ಚಾಕಿಗೆ ಪಳಗಿದವನಿಗೆ 4 ಆಳುದಿನ, ಬಲಿತ ಹುಳು ಸಾಕಲು 24. ಇನ್ನೊಬ್ಬನಿಗೆ 5 ಮತ್ತು 40. ಎರಡರಲ್ಲೂ ಮೊದಲನೆಯವನೇ ಚುರುಕು. ಆದರೆ ಒಂದು ಚಾಕಿಗೆ ಅವನು ಕಳೆದುಕೊಳ್ಳುವುದು ಬೆಳೆಯ ಆರನೇ ಒಂದು ಪಾಲು, ಎರಡನೆಯವನು ಎಂಟನೇ ಒಂದು. ಎಂಟು ಚಾಕಿಯನ್ನು ಎರಡನೆಯವನಿಗೆ ಬಿಟ್ಟರೆ ಮೊದಲನೆಯವನಿಗೆ 32 ಆಳುದಿನ ಉಳಿದು ಒಂದೂಮೂರನೇ ಒಂದು ಬೆಳೆ ಸಿಗುತ್ತದೆ. ಎರಡನೆಯವನು ಬಿಡುವುದು ಒಂದೇ ಬೆಳೆ. ಚಾಕಿ ಎಷ್ಟಿತ್ತೋ ಅಷ್ಟೇ, ಮೂರನೇ ಒಂದು ಪಾಲು ಬೆಳೆ ಮಾತ್ರ ಹೆಚ್ಚುವರಿ. ನೂರು ಮೊಟ್ಟೆಯ ಚಾಕಿಯ ಬೆಲೆ ಬೆಳೆಯ ಎಂಟನೇ ಒಂದಕ್ಕೂ ಆರನೇ ಒಂದಕ್ಕೂ ನಡುವೆ ಕುದುರಿದರೆ ಇಬ್ಬರಿಗೂ ಗಿಟ್ಟುತ್ತದೆ. ಸಾಗಣೆ ಖರ್ಚು ಈ ಅಂತರವನ್ನು ತಿಂದುಹಾಕಿದರೆ ಮಾತ್ರ ಮನೆಯ ಚಾಕಿಯೇ ವಾಸಿ. ಕೇಂದ್ರದಿಂದ ದೂರವಿರುವ ಹಳ್ಳಿಗಳಲ್ಲಿ ಇದು ಆಗುವುದುಂಟು.

ರಿಕಾರ್ಡೊನ ಲೆಕ್ಕದಲ್ಲಿ ರೋಗಕ್ಕೆ ಜಾಗವಿಲ್ಲ. ಮನೆಯ ಚಾಕಿ ಕೆಟ್ಟರೆ ಕೆಡುವುದು ಒಂದು ಬೆಳೆ. ಕೇಂದ್ರದಲ್ಲಿ ಸೋಂಕು ನುಸುಳಿದರೆ ಅಲ್ಲಿಂದ ಹುಳು ಒಯ್ದವರೆಲ್ಲರ ಹುಳು ಮನೆಗೂ ಹೋಗುತ್ತದೆ. ಅದಕ್ಕೇ ಕೇಂದ್ರ ರೇಷ್ಮೆ ಮಂಡಳಿ ಕಾಯ್ದೆಗೆ 2006ರಲ್ಲಿ ತಂದ ತಿದ್ದುಪಡಿಯ ನಂತರ ಚಾಕಿ ಸಾಕುವವರೂ ನೋಂದಣಿ ಮಾಡಿಸಬೇಕಾಯಿತು. ಹುಳು ಒಯ್ಯುವವರು ಮೊಟ್ಟೆ ಯಾವ ಕೋಠಿಯದು, ಯಾವ ತಂಡದ್ದು ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಸಾಗಿಸುವುದು ಬೆಳಗಿನ ಅಥವಾ ಸಂಜೆಯ ತಂಪಿನಲ್ಲೇ. ಬಿಸಿಲಿಗೆ ಸಿಕ್ಕ ಹುಳು ಮೇಲ್ನೋಟಕ್ಕೆ ಚೆನ್ನಾಗಿಯೇ ಕಂಡರೂ ಮುಂದೆ ಸಪ್ಪೆರೋಗಕ್ಕೆ (ಹುಳು ಸೊರಗಿ ಸಾಯುವ ಕಾಯಿಲೆಗೆ) ಬೇಗ ತುತ್ತಾಗುತ್ತದೆ.